ವಿಕಿರಣಶುದ್ಧ ಎಲೆಕ್ಟ್ರಾನಿಕ್ಸ್: ಭೂಗರ್ಭ ಪ್ರಯೋಗದ ಡಿಟೆಕ್ಟರ್ ಪಕ್ಕದಲ್ಲಿ ಕೂರುವ ಸರ್ಕ್ಯೂಟನ್ನು ತಯಾರಿಸುವ ಕ್ರಮ

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹಸಿರು ಸರ್ಕ್ಯೂಟ್ ಬೋರ್ಡಿನ ಹತ್ತು ಗ್ರಾಂ ತುಂಡೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರಲ್ಲಿ ದೋಷವೇನೂ ಕಾಣುವುದಿಲ್ಲ. ಆದರೆ ಅದರೊಳಗಿನ ಗಾಜಿನ ನಾರಿನಲ್ಲಿ ಯುರೇನಿಯಂ ಮತ್ತು ಥೋರಿಯಂ ದಶಲಕ್ಷಕ್ಕೆ ಒಂದು ಪಾಲಿನ ಆಸುಪಾಸಿನಲ್ಲಿ ಇರುವುದು ಸಹಜ. ಕಿಲೋಗ್ರಾಂಗೆ 10 ಬೆಕ್ವೆರೆಲ್ (ಸೆಕೆಂಡಿಗೆ 10 ಕ್ಷಯ) ಎಂದು ಲೆಕ್ಕ ಹಿಡಿದರೆ ಆ ತುಂಡಿನಲ್ಲಿ ದಿನಕ್ಕೆ 8,640, ವರ್ಷಕ್ಕೆ 31 ಲಕ್ಷಕ್ಕೂ ಹೆಚ್ಚು ಪರಮಾಣುಗಳು ಕ್ಷಯಿಸುತ್ತವೆ. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಿ. ಇಟಲಿಯ ಗ್ರಾನ್ ಸಾಸ್ಸೋ ಪರ್ವತದಡಿ 1,400 ಮೀಟರ್ ಬಂಡೆಯ ಕೆಳಗೆ 2019ರವರೆಗೆ ದತ್ತಾಂಶ ಸಂಗ್ರಹಿಸಿದ ಗೆರ್ಡಾ ಪ್ರಯೋಗದಲ್ಲಿ, ಒಂದು ಕಿಲೋಗ್ರಾಂ ಜರ್ಮೇನಿಯಂ ಡಿಟೆಕ್ಟರ್‌ನಲ್ಲಿ, ಒಂದು ಕಿಲೋ ಎಲೆಕ್ಟ್ರಾನ್‌ವೋಲ್ಟ್ ಅಗಲದ ಶಕ್ತಿಯ ಪಟ್ಟಿಯಲ್ಲಿ ಬೇಡದ ಎಣಿಕೆ ಬಿದ್ದದ್ದು ವರ್ಷಕ್ಕೆ 0.00052 ಮಾತ್ರ, ಅಂದರೆ ಸುಮಾರು ಎರಡು ಸಾವಿರ ವರ್ಷಕ್ಕೆ ಒಂದು. ಅಂಥ ಡಿಟೆಕ್ಟರ್‌ನ ಬಗಲಿಗೆ ಆ ಹಸಿರು ತುಂಡನ್ನು ಇಟ್ಟರೆ ವಿಶ್ವಕಿರಣಗಳಿಂದ ತಪ್ಪಿಸಿಕೊಳ್ಳಲು ನೆಲದಡಿ ಕಿಲೋಮೀಟರುಗಟ್ಟಲೆ ಇಳಿದದ್ದೂ ದಂಡ, ಟನ್ನುಗಟ್ಟಲೆ ಸೀಸದ ಕವಚ ಕಟ್ಟಿದ್ದೂ ದಂಡ.

ಭೂಗರ್ಭ ಎಂದೊಡನೆ ನಮಗೆ ನೆನಪಾಗುವುದು ಕೋಲಾರದ ಚಿನ್ನದ ಗಣಿ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು 1965ರಲ್ಲಿ ಅಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ತಂಡಕ್ಕೆ ಸಿಕ್ಕಿತ್ತು. ಆ ಕಾಲದ ದೊಡ್ಡ ಡಿಟೆಕ್ಟರ್‌ಗಳು ಹುಡುಕುತ್ತಿದ್ದದ್ದು ಬಂಡೆಯನ್ನೇ ತೂರಿ ಬರುವ ಹೆಚ್ಚು ಶಕ್ತಿಯ ಕಣಗಳನ್ನು. ಅವುಗಳ ಮುಂದೆ ಒಂದು ರೆಸಿಸ್ಟರಿನೊಳಗಿನ ಥೋರಿಯಂ ಲೆಕ್ಕಕ್ಕೇ ಬರುತ್ತಿರಲಿಲ್ಲ. ಇಂದು ಹುಡುಕುವ ಜೋಡಿ ಬೀಟಾ ಕ್ಷಯ (ಪರಮಾಣುಕೇಂದ್ರವೊಂದು ಒಮ್ಮೆಗೇ ಎರಡು ಎಲೆಕ್ಟ್ರಾನ್ ಹೊರಹಾಕುವ ಅತಿ ಅಪರೂಪದ ಕ್ಷಯ), ಕಪ್ಪುದ್ರವ್ಯ (ಬ್ರಹ್ಮಾಂಡದಲ್ಲಿ ಇದೆಯೆಂದು ನಂಬಲಾದ ಕಾಣದ ವಸ್ತು) ಮುಂತಾದ ಸಂಕೇತಗಳು ನೈಸರ್ಗಿಕ ವಿಕಿರಣದ ಶಕ್ತಿಯ ಪಟ್ಟಿಯಲ್ಲೇ, ಅದಕ್ಕಿಂತ ಎಷ್ಟೋ ಕ್ಷೀಣವಾಗಿ ಬರುತ್ತವೆ. ಹೀಗಾಗಿ ಆಳಕ್ಕೆ ಇಳಿದ ಮೇಲೆ ಉಳಿಯುವ ದೊಡ್ಡ ಶತ್ರು ನಾವೇ ಹೊತ್ತೊಯ್ಯುವ ಸಾಮಾನು. ಈ ಬರಹ ಮುಖ್ಯವಾಗಿ ಜರ್ಮೇನಿಯಂ ಡಿಟೆಕ್ಟರ್‌ನ ಮೊದಲ ಹಂತದ ಆಂಪ್ಲಿಫೈಯರ್ ಮತ್ತು ಅದರ ಕೇಬಲ್ಲನ್ನು ಹೇಗೆ ತಯಾರಿಸಬೇಕೆಂದು ವಿವರಿಸುತ್ತದೆ. ಕ್ಸೆನಾನ್ ಅಥವಾ ಸಿಲಿಕಾನ್ ಡಿಟೆಕ್ಟರ್‌ಗಳಿಗೂ ವಿಧಾನ ಬಹುಮಟ್ಟಿಗೆ ಇದೇ.

ಮೊದಲು ಲೆಕ್ಕದ ಪುಸ್ತಕ

ಸರ್ಕ್ಯೂಟಿನ ನಕ್ಷೆ ಬರೆಯುವ ಮೊದಲೇ ಒಂದು ಜಮಾಖರ್ಚಿನ ಪುಸ್ತಕ ತೆರೆಯಬೇಕು. ಡಿಟೆಕ್ಟರ್ ಬಳಿ ಹೋಗುವ ಪ್ರತಿಯೊಂದು ವಸ್ತುವಿಗೂ ಅದರಲ್ಲಿ ಒಂದು ಸಾಲು ಇರಬೇಕು: ವಸ್ತುವಿನ ತೂಕ, ಅದರ ಪ್ರತಿ ಕಿಲೋಗ್ರಾಂನ ವಿಕಿರಣತೆ, ಮತ್ತು ಅದು ಕೂರುವ ಜಾಗದಲ್ಲಿ ಒಂದು ಕ್ಷಯ ನಡೆದರೆ ಡಿಟೆಕ್ಟರ್‌ನಲ್ಲಿ ತಪ್ಪು ಎಣಿಕೆ ಬೀಳುವ ಸಾಧ್ಯತೆ. ಮೂರನೆಯದನ್ನು ಜಿಯಾಂಟ್4 ತಂತ್ರಾಂಶದಲ್ಲಿ ಅನುಕರಿಸಿ ಪಡೆಯುತ್ತಾರೆ. ಮೂರನ್ನೂ ಗುಣಿಸಿದರೆ ಆ ವಸ್ತುವಿನ ಖರ್ಚು ಬರುತ್ತದೆ, ಎಲ್ಲ ಖರ್ಚೂ ಸೇರಿ ಪ್ರಯೋಗಕ್ಕೆ ಸಿಕ್ಕ ಮಿತಿಯೊಳಗೆ ಇರಬೇಕು. ಹನಿಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ, ಏಕೆಂದರೆ ಪ್ರಯೋಗವನ್ನು ಕೆಡಿಸುವುದು ಸಾಮಾನ್ಯವಾಗಿ ಒಂದು ದೊಡ್ಡ ತಪ್ಪಲ್ಲ, ನೂರು ಡಿಟೆಕ್ಟರ್‌ಗಳಿಗೆ ನೂರರಂತೆ ಹಾಕಿದ ಒಂದು ಸಣ್ಣ ಪಿನ್ನು.

ಯಾವ ಧಾತು ನಿಮಗೆ ಶತ್ರು ಎಂಬುದು ನೀವು ಹುಡುಕುವ ಶಕ್ತಿಯ ಮೇಲೆ ನಿಂತಿದೆ. ಜರ್ಮೇನಿಯಂ-76ರ ನ್ಯೂಟ್ರಿನೋರಹಿತ ಜೋಡಿ ಬೀಟಾ ಕ್ಷಯದ ಗುರುತು 2,039 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಬೀಳಬೇಕು. ಪೊಟ್ಯಾಸಿಯಂ-40ರ ಗಾಮಾ ಕಿರಣ 1,461ರಲ್ಲೇ ನಿಂತುಹೋಗುವುದರಿಂದ ಅದು ಅಲ್ಲಿಗೆ ತಲುಪುವುದಿಲ್ಲ. ಥೋರಿಯಂ ಕ್ಷಯಿಸುತ್ತ ಒಂದರಿಂದೊಂದಾಗಿ ಹುಟ್ಟುವ ಧಾತುಗಳ ಸರಣಿಯ ಕೊನೆಯಲ್ಲಿರುವ ಥ್ಯಾಲಿಯಂ-208ರ 2,615ರ ಗಾಮಾ ತನ್ನ ಶಕ್ತಿಯ ಒಂದು ಭಾಗವನ್ನಷ್ಟೇ ಡಿಟೆಕ್ಟರ್‌ನಲ್ಲಿ ಬಿಟ್ಟು ಹೊರಟರೆ ಸರಿಯಾಗಿ 2,039ರ ಮೇಲೆಯೇ ಕೂರಬಹುದು, ಯುರೇನಿಯಂ ಸರಣಿಯ ಬಿಸ್ಮತ್-214 ಕೂಡ ಹಾಗೆಯೇ. ಕ್ಸೆನಾನ್-136 ನೆಚ್ಚಿಕೊಂಡವರ ಪಾಡು ಇನ್ನೂ ಕಷ್ಟದ್ದು: ಅವರ ಗುರುತು 2,458ರಲ್ಲಿದ್ದರೆ ಬಿಸ್ಮತ್-214ರ ಒಂದು ಗಾಮಾ ರೇಖೆ 2,448ರಲ್ಲಿ, ಪಕ್ಕದ ಮನೆಯಲ್ಲೇ ಇದೆ. ಕಪ್ಪುದ್ರವ್ಯ ಹುಡುಕುವವರು ಕೆಲವೇ ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಕೆಳಗಿನ ಪಟ್ಟಿಯಲ್ಲಿ ಕೆಲಸ ಮಾಡುವುದರಿಂದ ಅವರಿಗೆ ಪೊಟ್ಯಾಸಿಯಮ್ಮೂ ಬಿಟ್ಟದ್ದಲ್ಲ, ಸೀಸ-210ರ ಬೀಟಾ ಕಣಗಳೂ ಬಿಟ್ಟದ್ದಲ್ಲ.

ಪುಸ್ತಕ ಬರೆಯಲು ಮೂರು ಅಂಕಿಗಳು ಬಾಯಿಪಾಠವಾಗಿರಲಿ. ಲಕ್ಷ ಕೋಟಿಗೆ ಒಂದು ಪಾಲು ಯುರೇನಿಯಂ-238 ಎಂದರೆ ಕಿಲೋಗ್ರಾಂಗೆ 12.4 ಮೈಕ್ರೋಬೆಕ್ವೆರೆಲ್, ಅಷ್ಟೇ ಪ್ರಮಾಣದ ಥೋರಿಯಂ-232 ಎಂದರೆ 4.1 ಮೈಕ್ರೋಬೆಕ್ವೆರೆಲ್, ದಶಲಕ್ಷಕ್ಕೆ ಒಂದು ಪಾಲು ಸಹಜ ಪೊಟ್ಯಾಸಿಯಂ ಎಂದರೆ ಸುಮಾರು 31 ಮಿಲಿಬೆಕ್ವೆರೆಲ್.

ದೂರ ಇಡಬಹುದಾದುದನ್ನು ದೂರ ಇಡಿ

ಅತ್ಯಂತ ಶುದ್ಧವಾದ ಬಿಡಿಭಾಗವೆಂದರೆ ಹಾಕದೆ ಬಿಟ್ಟ ಬಿಡಿಭಾಗ. ಅದಾದ ಮೇಲಿನದು ಕವಚದ ಹೊರಗೆ ಇಟ್ಟದ್ದು. ಹಾಗಾದರೆ ಇಡೀ ಆಂಪ್ಲಿಫೈಯರನ್ನೇ ಹೊರಗಿಟ್ಟರೆ ಆಗದೇ ಎಂದರೆ, ಆಗುವುದಿಲ್ಲ. ಪಾಯಿಂಟ್ ಕಾಂಟ್ಯಾಕ್ಟ್ ಮಾದರಿಯ ಜರ್ಮೇನಿಯಂ ಡಿಟೆಕ್ಟರ್‌ನ ಧಾರಣಶಕ್ತಿ (ಕೆಪಾಸಿಟೆನ್ಸ್) ಒಂದೆರಡು ಪಿಕೋಫ್ಯಾರಡ್ ಮಾತ್ರ, ಆದರೆ ಒಂದು ಮೀಟರ್ ಕೋಆಕ್ಸಿಯಲ್ ಕೇಬಲ್ಲಿನದು ನೂರರ ಆಸುಪಾಸು. ಮೊದಲ ಟ್ರಾನ್ಸಿಸ್ಟರಿಗೂ ಡಿಟೆಕ್ಟರಿಗೂ ನಡುವೆ ಅಷ್ಟು ಉದ್ದದ ಕೇಬಲ್ ಎಳೆದರೆ ಗದ್ದಲದಲ್ಲಿ ಸಂಕೇತವೇ ಮುಳುಗಿಹೋಗುತ್ತದೆ. ಆದ್ದರಿಂದ ಸರ್ಕ್ಯೂಟನ್ನು ಎರಡು ತುಂಡು ಮಾಡಬೇಕು. ಮೊದಲ ಟ್ರಾನ್ಸಿಸ್ಟರ್, ಅದರ ಫೀಡ್‌ಬ್ಯಾಕ್ ರೆಸಿಸ್ಟರ್ ಮತ್ತು ಫೀಡ್‌ಬ್ಯಾಕ್ ಕೆಪಾಸಿಟರ್, ಈ ಮೂರು ಮಾತ್ರ ಡಿಟೆಕ್ಟರ್ ಪಕ್ಕದಲ್ಲಿರಲಿ. ಉಳಿದ ಆಂಪ್ಲಿಫೈಯರ್, ವಿದ್ಯುತ್ ಪೂರೈಕೆಯ ಫಿಲ್ಟರ್, ಹೈ ವೋಲ್ಟೇಜಿನ ದೊಡ್ಡ ಕೆಪಾಸಿಟರ್, ಎಲ್ಲವೂ ದೂರ ಹೋಗಲಿ. ದೂರ ಇಟ್ಟಂತೆಲ್ಲ ತಪ್ಪು ಎಣಿಕೆಯ ಸಾಧ್ಯತೆ ಸುಮಾರಾಗಿ ದೂರದ ವರ್ಗದಂತೆ ಇಳಿಯುತ್ತದೆ. ನಡುವೆ ತಾಮ್ರವೋ ಸೀಸವೋ ಅಡ್ಡ ಬಂದರೆ ಇನ್ನೂ ವೇಗವಾಗಿ ಇಳಿಯುತ್ತದೆ.

ಅಮೆರಿಕದ ಸೌತ್ ಡಕೋಟದಲ್ಲಿ ಹಿಂದಿನ ಹೋಮ್‌ಸ್ಟೇಕ್ ಚಿನ್ನದ ಗಣಿಯ 4,850 ಅಡಿ ಮಟ್ಟದಲ್ಲಿ ನಡೆದ ಮೇಜೊರಾನಾ ಡೆಮಾನ್‌ಸ್ಟ್ರೇಟರ್ ಈ ಹಂಚಿಕೆಯನ್ನು ಅಚ್ಚುಕಟ್ಟಾಗಿ ಮಾಡಿತು, ಗ್ರಾನ್ ಸಾಸ್ಸೋದ ಲೆಜೆಂಡ್-200 ಅದೇ ಮಾದರಿಯ ಪುಟ್ಟ ಬೋರ್ಡನ್ನು ಮುಂದುವರಿಸಿತು. ಮುಂದೆ ಹೇಳುವ ಹೆಚ್ಚಿನ ಸಂಗತಿಗಳಿಗೆ ಆ ಬೋರ್ಡೇ ಮಾದರಿ.

ತಳದ ಹಲಗೆಯ ಆಯ್ಕೆ

ಗಾಜಿನ ನಾರಿನ ಹಲಗೆಯನ್ನು ಮೊದಲೇ ಕೈಬಿಟ್ಟಾಯಿತು. ಎಲೆಕ್ಟ್ರಾನಿಕ್ಸ್‌ನವರಿಗೆ ಪ್ರಿಯವಾದ ಅಲ್ಯುಮಿನಾ ಪಿಂಗಾಣಿಯೂ ಸಾಮಾನ್ಯವಾಗಿ ಯುರೇನಿಯಂ, ಥೋರಿಯಂಗಳನ್ನು ಹೊತ್ತೇ ಬರುತ್ತದೆ; ಅದರ ಮೇಲೆ ಆ ಸರಣಿಗಳ ಆಲ್ಫಾ ಕಣಗಳು ಅಲ್ಯುಮಿನಿಯಮ್ಮಿಗೆ ಬಡಿದು ನ್ಯೂಟ್ರಾನುಗಳನ್ನೂ ಹುಟ್ಟಿಸುತ್ತವೆ. ಇದೇ ಕಾರಣಕ್ಕೆ ಫ್ಲೋರಿನ್ ತುಂಬಿರುವ ಟೆಫ್ಲಾನ್ ಎಷ್ಟೇ ಶುದ್ಧವಾಗಿದ್ದರೂ ಅದರ ಮೇಲೆ ರೇಡಾನ್ ಮಕ್ಕಳು, ಅಂದರೆ ಗಾಳಿಯಲ್ಲಿರುವ ವಿಕಿರಣಶೀಲ ರೇಡಾನ್ ಅನಿಲ ಕ್ಷಯಿಸಿದಾಗ ಹುಟ್ಟುವ ಧಾತುಗಳು, ಕೂರದಂತೆ ಕಾಯಬೇಕಾಗುತ್ತದೆ. ಬೋರೋಸಿಲಿಕೇಟ್ ಗಾಜಿನ ಮಾತೇ ಬೇಡ, ಅದರಲ್ಲಿ ಬೋರಾನ್ ಇದೆ, ಪೊಟ್ಯಾಸಿಯಮ್ಮೂ ಇರುತ್ತದೆ.

ಉಳಿಯುವ ಉತ್ತಮ ಆಯ್ಕೆಗಳು ಎರಡು. ಪುಟ್ಟ, ಗಟ್ಟಿಯಾದ ಬೋರ್ಡಿಗೆ ಕೃತಕವಾಗಿ ತಯಾರಿಸಿದ ಫ್ಯೂಸ್ಡ್ ಸಿಲಿಕಾ ಬಳಸಬೇಕು. ಇದು ನೆಲದಿಂದ ಅಗೆದ ಬೆಣಚುಕಲ್ಲನ್ನು ಕರಗಿಸಿ ಮಾಡಿದ್ದಾಗಿರಬಾರದು, ಶುದ್ಧ ರಾಸಾಯನಿಕದ ಆವಿಯಿಂದ ಬೆಳೆಸಿದ್ದಾಗಿರಬೇಕು. ಎರಡು ಸೆಂಟಿಮೀಟರ್ ಉದ್ದ, ಏಳು ಮಿಲಿಮೀಟರ್ ಅಗಲ, 0.2 ಮಿಲಿಮೀಟರ್ ದಪ್ಪದ ಹಾಳೆಯ ತೂಕ ಸುಮಾರು 60 ಮಿಲಿಗ್ರಾಂ ಮಾತ್ರ, ಎರಡು ಅಕ್ಕಿಕಾಳಿಗಿಂತ ತುಸು ಹೆಚ್ಚು. ಕೊಳ್ಳುವಾಗ ಕೇಳಬೇಕಾದ ಒಂದು ಪ್ರಶ್ನೆಯನ್ನು ಹಲವರು ಮರೆಯುತ್ತಾರೆ: ಹಾಳೆಯನ್ನು ಯಾವ ಪುಡಿಯಿಂದ ಹೊಳಪು ಮಾಡಿದ್ದಾರೆ? ಸೀರಿಯಂ ಆಕ್ಸೈಡ್ ಬರುವುದು ಥೋರಿಯಂ ಜೊತೆಗೇ ಇರುವ ಖನಿಜಗಳಿಂದ. ನಮ್ಮ ಪಶ್ಚಿಮ ಕರಾವಳಿಯ ಮೊನಜೈಟ್ ಮರಳಿನ ಕಥೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಗುವ ಕೇಬಲ್ಲಿಗೆ, ದೊಡ್ಡ ಬೋರ್ಡಿಗೆ ಪಾಲಿಇಮೈಡ್ ಹಾಳೆ ಸೂಕ್ತ. ಕ್ಯಾಪ್ಟಾನ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಪರಿಚಿತವಾದ ಈ ಹಾಳೆಯ ಮಾಮೂಲು ಬಗೆಯಲ್ಲಿ ಯುರೇನಿಯಂ ಕಾಣಿಸುತ್ತದೆ, ಆದರೆ ಅದು ಪಾಲಿಮರಿನ ತಪ್ಪಲ್ಲ. ಸುರುಳಿ ಸುತ್ತುವಾಗ ಹಾಳೆಗಳು ಒಂದಕ್ಕೊಂದು ಅಂಟದಿರಲೆಂದು ಕ್ಯಾಲ್ಸಿಯಂ ಫಾಸ್ಫೇಟಿನ ಸೂಕ್ಷ್ಮ ಪುಡಿಯನ್ನು ಬೆರೆಸುತ್ತಾರೆ. ಫಾಸ್ಫೇಟ್ ಶಿಲೆಗೂ ಯುರೇನಿಯಮ್ಮಿಗೂ ಇರುವ ನಂಟು ಹಳೆಯದು. ಆ ಪುಡಿ ಇಲ್ಲದ ಬಗೆಯನ್ನು ಆರಿಸಿದರೆ ಯುರೇನಿಯಂ ಹತ್ತಾರು ಪಟ್ಟು ಇಳಿಯುತ್ತದೆ. ಗ್ರಾನ್ ಸಾಸ್ಸೋದ ಕ್ಸೆನಾನ್1ಟಿ ತನ್ನ ಫೋಟೊಮಲ್ಟಿಪ್ಲೈಯರ್ ಕೊಳವೆಗಳ ಬುಡದ ಸರ್ಕ್ಯೂಟಿಗೆ ಇದೇ ಪಾಲಿಇಮೈಡನ್ನು ಪದರಪದರವಾಗಿ ಒತ್ತಿದ ಸರ್ಲೆಕ್ಸ್ ಹಲಗೆಯನ್ನು ಬಳಸಿತು. ಡಾರ್ಕ್‌ಸೈಡ್-20ಕೆ ತಂಡ ಅರಾಮಿಡ್ ನಾರಿನ ಆರ್ಲಾನ್ ಹಲಗೆಯ ಕಡೆ ಹೋಯಿತು. ಎಲ್ಲರಿಗೂ ಒಂದೇ ಉತ್ತರವಿಲ್ಲ, ಉಷ್ಣತೆಯೂ ಬೋರ್ಡಿನ ಗಾತ್ರವೂ ಅದನ್ನು ತೀರ್ಮಾನಿಸುತ್ತವೆ.

ಬಿಡಿಭಾಗಗಳನ್ನು ಕೊಳ್ಳದೆ ಬರೆದುಕೊಳ್ಳುವುದು

ಟ್ರಾನ್ಸಿಸ್ಟರನ್ನು ಅದರ ಕಪ್ಪು ಪ್ಲಾಸ್ಟಿಕ್ ಅಥವಾ ಪಿಂಗಾಣಿ ಹೊದಿಕೆ ಇಲ್ಲದೆ, ಬೆತ್ತಲೆ ಸಿಲಿಕಾನ್ ಚಿಪ್ಪಾಗಿಯೇ ತರಿಸಬೇಕು. ಸಿಲಿಕಾನ್ ಸ್ವತಃ ಅತ್ಯಂತ ಶುದ್ಧ, ಕೊಳೆ ಇರುವುದು ಅದರ ಅಂಗಿಯಲ್ಲಿ.

ಅಂಗಡಿಯ ರೆಸಿಸ್ಟರ್ ಎಂದರೆ ಅಲ್ಯುಮಿನಾ ಪಿಂಗಾಣಿಯ ಮೇಲೆ ಬಳಿದ ಒಂದು ಪದರ. ನಿಮಗೆ ಬೇಕಾದದ್ದು ಪದರ, ಬರುವುದು ಪಿಂಗಾಣಿಯೊಂದಿಗೆ. ಆದ್ದರಿಂದ ರೆಸಿಸ್ಟರನ್ನು ಬೋರ್ಡಿನ ಮೇಲೆಯೇ ಮಾಡಿಕೊಳ್ಳಬೇಕು. ಮೇಜೊರಾನಾದ ಬೋರ್ಡಿನಲ್ಲಿ ಸಿಲಿಕಾ ಹಾಳೆಯ ಮೇಲೆ ತೆಳುವಾದ ಟೈಟಾನಿಯಂ, ಅದರ ಮೇಲೆ ಕೆಲವು ನೂರು ನ್ಯಾನೋಮೀಟರ್ ಚಿನ್ನ ಹಾಕಿ ವಾಹಕದ ಗೆರೆಗಳನ್ನು ರೂಪಿಸಿದರು. ಚಿನ್ನ ನೇರವಾಗಿ ಸಿಲಿಕಾವನ್ನು ಹಿಡಿಯುವುದಿಲ್ಲ, ಟೈಟಾನಿಯಂ ಇರುವುದು ಅಂಟಿಗಾಗಿ. ಎರಡು ಗೆರೆಗಳ ನಡುವೆ ಹೈಡ್ರೋಜನ್ ಬೆರೆತ ವಾತಾವರಣದಲ್ಲಿ ಸ್ಪಟರಿಂಗ್ ಮಾಡಿ (ಅಯಾನುಗಳಿಂದ ಹೊಡೆದು ಚಿಮ್ಮಿಸಿದ ಪರಮಾಣುಗಳನ್ನು ಪದರವಾಗಿ ಕೂರಿಸಿ) ಹಾಕಿದ ಅಸ್ಫಟಿಕ ಜರ್ಮೇನಿಯಮ್ಮಿನ ಒಂದು ಪಟ್ಟಿಯೇ ಅದರ ಫೀಡ್‌ಬ್ಯಾಕ್ ರೆಸಿಸ್ಟರ್. ದ್ರವ ಸಾರಜನಕದ ಆಸುಪಾಸಿನ ಉಷ್ಣತೆಯಲ್ಲಿ ಅದು ಹತ್ತು ಗಿಗಾಓಮ್‌ನ ಮಟ್ಟಕ್ಕೆ ಏರುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದೇ ಪಟ್ಟಿ ಎಷ್ಟೋ ಪಟ್ಟು ಕಡಿಮೆ ಓಮ್ ತೋರಿಸುವುದರಿಂದ, ಮೇಜಿನ ಮೇಲೆ ಮೀಟರ್ ಹಿಡಿದು ನೋಡಿದ ಹೊಸಬರು ಬೋರ್ಡ್ ಕೆಟ್ಟಿದೆ ಎಂದು ಎಸೆಯುವ ಅಪಾಯವಿದೆ. ಈ ಬೋರ್ಡನ್ನು ತಣಿಸದೆ ಪರೀಕ್ಷಿಸಬಾರದು.

ಫೀಡ್‌ಬ್ಯಾಕ್ ಕೆಪಾಸಿಟರಿನ ಮಟ್ಟಿಗಂತೂ ಕೊಳ್ಳುವುದೂ ಇಲ್ಲ, ಮಾಡುವುದೂ ಇಲ್ಲ. ಬೇಕಾದದ್ದು 0.2 ಪಿಕೋಫ್ಯಾರಡ್‌ನಷ್ಟು, ಅಕ್ಕಪಕ್ಕದ ಎರಡು ಚಿನ್ನದ ಗೆರೆಗಳ ನಡುವಿನ ಅಂತರವನ್ನು ಸರಿಯಾಗಿ ಬರೆದರೆ ಅದು ತಾನಾಗಿಯೇ ಸಿಗುತ್ತದೆ. ಬೇರೆ ಸರ್ಕ್ಯೂಟುಗಳಲ್ಲಿ ಎಂಜಿನಿಯರುಗಳು ಶಪಿಸುವ ಸೋರಿಕೆ ಧಾರಣಶಕ್ತಿ ಇಲ್ಲಿ ಬಿಟ್ಟಿ ಬಿಡಿಭಾಗವಾಗುತ್ತದೆ. ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಭಾಗ ಇದೇ. ಇನ್ನಷ್ಟು ದೊಡ್ಡ ಕೆಪಾಸಿಟರ್ ಬೇಕೇ ಬೇಕೆಂದಾದರೆ ತಾಮ್ರ-ಪಾಲಿಇಮೈಡ್-ತಾಮ್ರದ ಪದರವನ್ನೇ ಬಳಸಬಹುದು. 50 ಮೈಕ್ರಾನ್ ದಪ್ಪದ ಹಾಳೆ ಚದರ ಸೆಂಟಿಮೀಟರಿಗೆ ಸುಮಾರು 60 ಪಿಕೋಫ್ಯಾರಡ್ ಕೊಡುತ್ತದೆ. ಅಂಗಡಿಯ ಪಿಂಗಾಣಿ ಕೆಪಾಸಿಟರನ್ನು ಮಾತ್ರ ಹತ್ತಿರ ತರಬಾರದು. ಅವುಗಳ ಒಳಗಿರುವುದು ಬೇರಿಯಂ ಟೈಟನೇಟ್, ಆವರ್ತ ಕೋಷ್ಟಕದಲ್ಲಿ ಬೇರಿಯಮ್ಮಿನ ನೇರ ಕೆಳಗಿನ ಮನೆಯಲ್ಲಿರುವುದು ರೇಡಿಯಂ. ಗುಣದಲ್ಲಿ ಒಡಹುಟ್ಟಿದಂತಿರುವ ಇವೆರಡನ್ನು ರಾಸಾಯನಿಕವಾಗಿ ಬೇರ್ಪಡಿಸುವುದು ಕಷ್ಟ.

ಬೆಸೆಯುವ ಕೆಲಸ

ಸಾಮಾನ್ಯ ಸೋಲ್ಡರಿನಲ್ಲಿರುವ ಸೀಸ ತನ್ನೊಳಗೆ ಸೀಸ-210 ಇಟ್ಟುಕೊಂಡಿರುತ್ತದೆ. ಅದಿರನ್ನು ಕರಗಿಸುವಾಗ ಯುರೇನಿಯಂ ಬೇರೆಯಾಗಿ ಹೋಗುತ್ತದೆ, ಆದರೆ ಸೀಸ-210 ಕೂಡ ಸೀಸವೇ ಆದ್ದರಿಂದ ಹೋಗುವುದಿಲ್ಲ. ಕಿಲೋಗ್ರಾಂಗೆ 200 ಬೆಕ್ವೆರೆಲ್ ಇರುವ ಸೀಸದ ಐದು ಮಿಲಿಗ್ರಾಂ ಬೊಟ್ಟೊಂದರಲ್ಲಿ ದಿನಕ್ಕೆ 86 ಕ್ಷಯಗಳಾಗುತ್ತವೆ. ಇದರ ಅರ್ಧಾಯು, ಅಂದರೆ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 22 ವರ್ಷ. ಹೀಗಾಗಿಯೇ ಸಾರ್ಡಿನಿಯಾ ಕರಾವಳಿಯಲ್ಲಿ ಎರಡು ಸಾವಿರ ವರ್ಷ ಮುಳುಗಿದ್ದ ರೋಮನ್ ಹಡಗಿನ ಸೀಸದ ಗಟ್ಟಿಗಳು ಗ್ರಾನ್ ಸಾಸ್ಸೋದ ಕುವೋರೆ ಪ್ರಯೋಗದ ಕವಚಕ್ಕೆ ಬಂದವು. ಅವುಗಳೊಳಗಿನ ಸೀಸ-210 ಎಂದೋ ತೀರಿಹೋಗಿತ್ತು. ಸೀಸವಿಲ್ಲದ ತವರದ ಸೋಲ್ಡರ್ ವಾಸಿ, ಆದರೆ ಅದರ ಫ್ಲಕ್ಸನ್ನೂ ಅಳೆದೇ ಒಳಗೆ ಬಿಡಬೇಕು.

ಡಿಟೆಕ್ಟರ್ ಪಕ್ಕದ ಬೋರ್ಡಿನಲ್ಲಿ ಸೋಲ್ಡರನ್ನೇ ಬಿಟ್ಟುಬಿಡುವುದು ಮೇಲು. ಚಿಪ್ಪನ್ನು ಬೆಳ್ಳಿಯ ಕಣಗಳಿರುವ ವಾಹಕ ಎಪಾಕ್ಸಿಯಿಂದ ಕೂರಿಸಿ, ಅದರ ಗೇಟ್, ಸೋರ್ಸ್, ಡ್ರೈನ್‌ಗಳನ್ನು 25 ಮೈಕ್ರಾನ್ ದಪ್ಪದ, ಕೂದಲಿಗಿಂತ ಸಣ್ಣ ಅಲ್ಯುಮಿನಿಯಂ ತಂತಿಯಿಂದ ಬಾಂಡ್ ಮಾಡಬೇಕು. ಎಪಾಕ್ಸಿಯನ್ನು ಸೂಜಿಯ ಮೊನೆಯಲ್ಲಿ ತೆಗೆದುಕೊಂಡು ಚಿಪ್ಪಿನ ಅಡಿಯಿಂದ ಹೊರಗೆ ಉಕ್ಕದಷ್ಟೇ ಇಡಬೇಕು. ಹೆಚ್ಚಾದರೆ ವಿಕಿರಣತೆಯ ಲೆಕ್ಕವೂ ಏರುತ್ತದೆ, ತಣಿಯುವಾಗ ಸಿಲಿಕಾ ಮತ್ತು ಎಪಾಕ್ಸಿ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಚಿಪ್ಪೇ ಕಿತ್ತುಬರುತ್ತದೆ. ಬೆಳ್ಳಿ ವಿಶ್ವಕಿರಣಗಳ ಹೊಡೆತಕ್ಕೆ ಬೆಳ್ಳಿ-110ಎಂ ಎಂಬ ವಿಕಿರಣಶೀಲ ಐಸೊಟೋಪನ್ನು ಹುಟ್ಟಿಸಿಕೊಳ್ಳುತ್ತದೆ. ಅದರ ಅರ್ಧಾಯು 250 ದಿನ, ಆದ್ದರಿಂದ ಎಪಾಕ್ಸಿಯನ್ನು ಮೊದಲೇ ಕೊಂಡು ಫ್ರಿಜ್ಜಿನ ಸಮೇತ ನೆಲದಡಿ ಇಡುವುದು ಒಳ್ಳೆಯದು.

ಈ ಟ್ರಾನ್ಸಿಸ್ಟರಿಗೆ ಸ್ಥಾಯಿ ವಿದ್ಯುತ್ತಿನಿಂದ ರಕ್ಷಿಸುವ ಡಯೋಡುಗಳಿರುವುದಿಲ್ಲ, ಏಕೆಂದರೆ ಅವು ಧಾರಣಶಕ್ತಿಯನ್ನು ಏರಿಸುತ್ತವೆ. ಒಣ ಸಾರಜನಕ ತುಂಬಿದ ಗ್ಲೋವ್ ಬಾಕ್ಸಿನಲ್ಲಿ ಸ್ಥಾಯಿ ವಿದ್ಯುತ್ ಬೇಗ ಕೂಡಿಕೊಳ್ಳುವುದರಿಂದ ಮಣಿಕಟ್ಟಿನ ಅರ್ತಿಂಗ್ ಪಟ್ಟಿ ಕಡ್ಡಾಯ, ಅಯಾನೀಕಾರಕವೂ ಬೇಕು. ಆದರೆ ಸ್ಥಾಯಿ ವಿದ್ಯುತ್ ತೆಗೆಯಲೆಂದು ಮಾರುವ ಕೆಲವು ಬ್ರಷ್‌ಗಳಲ್ಲಿ ವಿಕಿರಣಶೀಲ ಪೊಲೋನಿಯಂ-210 ಇರುತ್ತದೆ. ಕಾವಲಿಗೆಂದು ತಂದದ್ದೇ ಕನ್ನ ಹಾಕುವ ಇಂಥ ವಸ್ತು ಕ್ಲೀನ್ ರೂಮಿನ ಹೊಸ್ತಿಲು ದಾಟಬಾರದು, ವಿದ್ಯುತ್ತಿನಿಂದ ನಡೆಯುವ ಬಗೆಯನ್ನೇ ತರಿಸಬೇಕು. ಚೌಕಟ್ಟಿನ ವೆಲ್ಡಿಂಗ್ ಮಾಡಿಸುವಾಗಲೂ ಹೀಗೆಯೇ: ಕೆಂಪು ಪಟ್ಟಿ ಬಳಿದ ಟಂಗ್‌ಸ್ಟನ್ ಕಡ್ಡಿಯಲ್ಲಿ ಶೇಕಡಾ 2ರಷ್ಟು ಥೋರಿಯಂ ಆಕ್ಸೈಡ್ ಇರುತ್ತದೆ, ಲ್ಯಾಂಥನಂ ಬೆರೆಸಿದ ಕಡ್ಡಿಯನ್ನು ಕೇಳಿ ಪಡೆಯಬೇಕು.

ಕೇಬಲ್ ಮತ್ತು ಕನೆಕ್ಟರ್

ಬೋರ್ಡು ಎಷ್ಟೇ ಶುದ್ಧವಾಗಿದ್ದರೂ ತೂಕದ ಲೆಕ್ಕದಲ್ಲಿ ಕೇಬಲ್ಲೇ ಯಜಮಾನ. ಕನೆಕ್ಟರಿನ ಒಳಗಿರುವ ಸ್ಪ್ರಿಂಗ್ ಸಾಮಾನ್ಯವಾಗಿ ಬೆರಿಲಿಯಂ-ತಾಮ್ರದ್ದು, ಬೆರಿಲಿಯಂ ಅದಿರಿನ ಜೊತೆಗೆ ಯುರೇನಿಯಂ, ಥೋರಿಯಂಗಳು ಬಂದುಬಿಡುತ್ತವೆ. ಮೇಜೊರಾನಾ ತಂಡ ವೆಸ್ಪೆಲ್ ಎಂಬ ಪಾಲಿಇಮೈಡ್ ಪ್ಲಾಸ್ಟಿಕ್ಕಿನಲ್ಲಿ ತಾವೇ ಕೊರೆದ ಪುಟ್ಟ ಕನೆಕ್ಟರುಗಳನ್ನು ಮಾಡಿಕೊಂಡು, ಆ ಸ್ಪ್ರಿಂಗ್ ಇಲ್ಲದೆಯೇ ಪಿನ್ನಿನ ಬಿಗಿತದಿಂದ ಸಂಪರ್ಕ ಉಳಿಸಿಕೊಂಡಿತು. ಸ್ಪ್ರಿಂಗ್ ಇಲ್ಲದ ಸಂಪರ್ಕ ತಣಿದಾಗ ಸಡಿಲವಾಗುವ ಗುಣದ್ದು. ಅದನ್ನು ದ್ರವ ಸಾರಜನಕದಲ್ಲಿ ಹಲವು ಬಾರಿ ಮುಳುಗಿಸಿ ತೆಗೆದು ಪರೀಕ್ಷಿಸದೆ ನೆಲದಡಿಗೆ ಕಳುಹಿಸಬಾರದು.

ಬಾಗುವ ಮುದ್ರಿತ ಕೇಬಲ್ಲಿನ ವಿಷಯದಲ್ಲಿ ನೆಕ್ಸೋ (ಕ್ಸೆನಾನ್‌ನ ಜೋಡಿ ಬೀಟಾ ಕ್ಷಯ ಹುಡುಕುವ) ಮತ್ತು ಡಾಮಿಕ್-ಎಂ (ಕಪ್ಪುದ್ರವ್ಯ ಹುಡುಕುವ) ಪ್ರಯೋಗಗಳಿಗಾಗಿ ನಡೆದ ಅಧ್ಯಯನ ಕಣ್ಣು ತೆರೆಸುವಂಥದ್ದು. ಹಿಂದೆ ಅಳೆದ ಕೇಬಲ್‌ಗಳಲ್ಲಿ ಗ್ರಾಂಗೆ 400ರಿಂದ 4,700 ಪಿಕೋಗ್ರಾಂ ಯುರೇನಿಯಂ ಇತ್ತು. ತಾಮ್ರ ಅಂಟಿಸಿದ ಕಚ್ಚಾ ಹಾಳೆಯನ್ನು ಶುದ್ಧವಾದದ್ದೇ ಆರಿಸಿಕೊಂಡರೂ ಕಾರ್ಖಾನೆಯ ಹಂತಗಳು ಅದನ್ನು ಮೈಲಿಗೆ ಮಾಡುತ್ತವೆ. ಹಾಳೆ ಫೋಟೊರೆಸಿಸ್ಟ್ ಹಚ್ಚಿಸಿಕೊಂಡು, ಡೆವಲಪರ್, ಎಚಿಂಗ್ ದ್ರಾವಣ, ರೆಸಿಸ್ಟ್ ಕಳಚುವ ಕ್ಷಾರ, ಲೇಪನದ ತೊಟ್ಟಿ ಎಂದು ಹಲವು ಸ್ನಾನ ಮುಗಿಸಿ ಬರುತ್ತದೆ, ಆ ತೊಟ್ಟಿಗಳಲ್ಲಿ ಹಿಂದಿನ ನೂರಾರು ಬೋರ್ಡುಗಳ ಕೊಳೆಯೂ ಇರುತ್ತದೆ. ಪ್ರತಿ ಹಂತವನ್ನೂ ಬಿಡಿಬಿಡಿಯಾಗಿ ಅಳೆದು, ಕೆಡಿಸುವ ಹಂತಗಳನ್ನು ಗುರುತಿಸಿ ಬದಲಿಸಿದ ಮೇಲೆ ಕೆಲಸ ಮಾಡುವ ಪೂರ್ಣ ಕೇಬಲ್ಲಿನಲ್ಲೇ ಯುರೇನಿಯಂ 20ರಿಂದ 31, ಥೋರಿಯಂ 12ರಿಂದ 13 ಪಿಕೋಗ್ರಾಂಗೆ ಇಳಿಯಿತು.

ನೀವು ಕೇಬಲ್ ಮಾಡಿಸುವಾಗ ಈ ಕ್ರಮವನ್ನೇ ಅನುಸರಿಸಿ. ಕಾರ್ಖಾನೆಯವರೊಂದಿಗೆ ಮೊದಲೇ ಮಾತನಾಡಿ, ನಿಮ್ಮ ಸರದಿಯನ್ನು ಹೊಸ ದ್ರಾವಣ ತುಂಬಿದ ದಿನಕ್ಕೆ ಇರಿಸಿಕೊಳ್ಳಿ. ಪ್ರತಿ ಹಂತದಿಂದಲೂ ಬೆರಳಗಲದ ಒಂದು ತುಂಡನ್ನು ಹೊರತೆಗೆದು, ಹಂತದ ಹೆಸರು ಬರೆದ ಶುದ್ಧ ಚೀಲದಲ್ಲಿ ಹಾಕಿಡಿ. ಕೊನೆಯ ಅಳತೆ ಕೆಟ್ಟದಾಗಿ ಬಂದರೆ ತಪ್ಪು ಎಲ್ಲಿ ನಡೆಯಿತೆಂದು ಆ ತುಂಡುಗಳೇ ಸಾಕ್ಷಿ ಹೇಳುತ್ತವೆ. ಬೋರ್ಡಿನ ಮೈಗೆ ಬಳಿಯುವ ಹಸಿರು ರಕ್ಷಣಾ ಲೇಪನವಾದ ಸೋಲ್ಡರ್ ಮಾಸ್ಕನ್ನು ಬೇಡವೆನ್ನಿ, ಅದರೊಳಗೆ ಬೇರಿಯಂ ಸಲ್ಫೇಟ್, ಟಾಲ್ಕ್ ಮುಂತಾದ ಖನಿಜದ ಪುಡಿಗಳಿರುತ್ತವೆ. ಬೋರ್ಡಿನ ಮೇಲೆ ಭಾಗಗಳ ಹೆಸರು ಮುದ್ರಿಸುವ ಬಿಳಿ ಶಾಯಿಯೂ ಬೇಡ.

ತೊಳೆಯುವುದು, ಕಾಯುವುದು

ತಾಮ್ರದ ಭಾಗಗಳಿಗೆ ಪರೀಕ್ಷಿಸಿ ಒಪ್ಪಿದ ವಿಧಾನವಿದೆ: ಶೇಕಡಾ 1ರ ಗಂಧಕಾಮ್ಲ ಮತ್ತು ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ದ್ರಾವಣದಲ್ಲಿ ಮೇಲ್ಪದರವನ್ನು ತುಸು ಕರಗಿಸಿ, ಅತಿಶುದ್ಧ ನೀರಿನಲ್ಲಿ ತೊಳೆದು, ಶೇಕಡಾ 1ರ ಸಿಟ್ರಿಕ್ ಆಮ್ಲದಲ್ಲಿ ಮುಳುಗಿಸಿ ಕಿಲುಬು ಹಿಡಿಯದಂತೆ ಮಾಡಿ, ಮತ್ತೆ ತೊಳೆದು ಸಾರಜನಕದಲ್ಲಿ ಒಣಗಿಸಬೇಕು. ಪ್ಲಾಸ್ಟಿಕ್ ಭಾಗಗಳನ್ನು ಶುದ್ಧ ನೈಟ್ರಿಕ್ ಆಮ್ಲದ ದುರ್ಬಲ ದ್ರಾವಣದಲ್ಲಿ ನೆನೆಸಬಹುದು, ಆದರೆ ಪಾಲಿಇಮೈಡ್ ಪ್ರಬಲ ಕ್ಷಾರವನ್ನು ತಾಳುವುದಿಲ್ಲ. ಚಿಪ್ಪು ಕೂರಿಸಿದ ಬೋರ್ಡಿಗೆ ಆಮ್ಲ ಸಲ್ಲದು, ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಈ ಆಲ್ಕೋಹಾಲನ್ನು ನೈಟ್ರಿಕ್ ಆಮ್ಲದ ಅಥವಾ ಪೆರಾಕ್ಸೈಡಿನ ತೊಟ್ಟಿಯ ಹತ್ತಿರವೂ ತರಬಾರದು, ಮೂರನ್ನೂ ಒಂದೇ ತ್ಯಾಜ್ಯ ಡಬ್ಬಿಗೆ ಸುರಿಯಬಾರದು; ಸ್ಫೋಟವಾಗುತ್ತದೆ. ಪೆರಾಕ್ಸೈಡಿನ ತ್ಯಾಜ್ಯಕ್ಕೆ ಬಿಗಿಯಾದ ಮುಚ್ಚಳವನ್ನೂ ಹಾಕಬಾರದು.

ತೊಳೆದ ಮೇಲಿನ ಶತ್ರು ಗಾಳಿಯಲ್ಲಿದೆ. ಕೆನಡಾದ ಸ್ನೋಲ್ಯಾಬಿನ ಎರಡು ಕಿಲೋಮೀಟರ್ ಆಳದ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 130 ಬೆಕ್ವೆರೆಲ್ ರೇಡಾನ್ ಇದೆ. ರೇಡಾನ್ ಮೂರೂಮುಕ್ಕಾಲು ದಿನದಲ್ಲಿ ಅರ್ಧವಾಗುತ್ತದೆ, ಆದರೆ ಅದು ಬಿಟ್ಟುಹೋಗುವ ಸೀಸ-210 ವಸ್ತುವಿನ ಮೈಮೇಲೆ ಕೂತು ದಶಕಗಳ ಕಾಲ ಬಾಡಿಗೆ ಕೊಡದೆ ಇರುತ್ತದೆ. ಆದ್ದರಿಂದ ಭಾಗಗಳನ್ನು ದ್ರವ ಸಾರಜನಕದಿಂದ ಆವಿಯಾಗಿ ಬಂದ ಅನಿಲ ಹರಿಯುವ ಕಪಾಟಿನಲ್ಲಿಡಬೇಕು, ಸಾಗಿಸುವಾಗ ಮೂರು ಪದರದ ಚೀಲದಲ್ಲಿ ಮುಚ್ಚಬೇಕು, ಕ್ಲೀನ್ ರೂಮಿನ ಒಂದೊಂದು ಬಾಗಿಲು ದಾಟುವಾಗ ಒಂದೊಂದೇ ಚೀಲ ಕಳಚಬೇಕು. ಬರಿಗೈ ತಗುಲಿದರೆ ಬೆವರಿನ ಪೊಟ್ಯಾಸಿಯಂ ತಗುಲಿತೆಂದೇ ಲೆಕ್ಕ. ಹಳೆಯ ಮನೆಗಳಲ್ಲಿ ಮಡಿಯುಟ್ಟು ಅಡುಗೆಗೆ ನಿಂತವರು ಹೊರಗಿನದೇನನ್ನು ಮುಟ್ಟಿದರೂ ಮತ್ತೆ ತೊಳೆದುಕೊಂಡೇ ಒಳಗೆ ಬರುತ್ತಿದ್ದರು. ಆ ಆಚರಣೆಯ ಸರಿತಪ್ಪು ಬೇರೆ ಮಾತು, ಕೈಗವಸು ತೊಟ್ಟವರಿಗೆ ಬೇಕಾದ ಎಚ್ಚರ ಮಾತ್ರ ಅದೇ ಬಗೆಯದು.

ಅಳತೆ

ಅಳೆಯಲು ಮುಖ್ಯವಾಗಿ ಎರಡು ದಾರಿಗಳಿವೆ, ಎರಡೂ ಬೇಕು. ಮೊದಲನೆಯದು, ನೆಲದಡಿಯ ಜರ್ಮೇನಿಯಂ ಡಿಟೆಕ್ಟರ್ ಮೇಲೆ ಮಾದರಿಯನ್ನಿಟ್ಟು ವಾರಗಟ್ಟಲೆ ಗಾಮಾ ಕಿರಣಗಳನ್ನು ಎಣಿಸುವುದು. ಒಂದು ಬೋರ್ಡಿನ 60 ಮಿಲಿಗ್ರಾಂ ಇದಕ್ಕೆ ಏನೇನೂ ಸಾಲದು, ನೂರಾರು ಗ್ರಾಂ ಬೇಕು. ಅಷ್ಟು ಸಿಲಿಕಾ, ಅಷ್ಟು ಪಿನ್ನುಗಳು, ಅಷ್ಟು ಕೇಬಲ್ ಎಂದು ಬೇರೆ ಬೇರೆಯಾಗಿ ಒದಗಿಸಬೇಕು. ಮೊದಲ ದಿನ ಪರದೆಯ ಮೇಲೆ ಕಾಣುವುದು ಬರಿಯ ಚುಕ್ಕೆಗಳು. ಎರಡನೆಯ ವಾರಕ್ಕೆ 609ರಲ್ಲಿ ಒಂದು ಗುಬುಟು ಎದ್ದರೆ ಬಿಸ್ಮತ್-214, 583 ಮತ್ತು 2,615ರಲ್ಲಿ ಎದ್ದರೆ ಥ್ಯಾಲಿಯಂ-208, 1,461ರಲ್ಲಿ ಎದ್ದರೆ ಪೊಟ್ಯಾಸಿಯಂ, 1,173 ಮತ್ತು 1,332ರಲ್ಲಿ ಜೋಡಿಯಾಗಿ ಎದ್ದರೆ ಕೋಬಾಲ್ಟ್-60. ಖಾಲಿ ಡಿಟೆಕ್ಟರನ್ನೂ ಅಷ್ಟೇ ದಿನ ಎಣಿಸಿ ಕಳೆಯುವುದನ್ನು ಮರೆಯಬಾರದು.

ಎರಡನೆಯದು, ಮಾದರಿಯನ್ನು ಆಮ್ಲದಲ್ಲಿ ಕರಗಿಸಿ ಪ್ಲಾಸ್ಮಾ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಯುರೇನಿಯಂ, ಥೋರಿಯಂ ಪರಮಾಣುಗಳನ್ನೇ ಎಣಿಸುವುದು. ಇದು ಬೇಗ ಮುಗಿಯುತ್ತದೆ, ಮಿಲಿಗ್ರಾಂಗಳೂ ಸಾಕಾಗುತ್ತವೆ, ಲಕ್ಷ ಕೋಟಿಗೆ ಒಂದು ಪಾಲಿಗಿಂತ ಕೆಳಗೂ ಹೋಗುತ್ತದೆ. ಆದರೆ ಇದು ನೋಡುವುದು ಸರಣಿಯ ತಲೆಯನ್ನು ಮಾತ್ರ. ಗಾಮಾ ಹೊಡೆಯುವವರು ರೇಡಿಯಂ-226ರ ಕೆಳಗಿನ ಮರಿಮಕ್ಕಳು. ಅದರ ಅರ್ಧಾಯು 1,600 ವರ್ಷವಾದ್ದರಿಂದ, ಕಾರ್ಖಾನೆಯ ರಸಾಯನಕ್ರಿಯೆ ಯುರೇನಿಯಮ್ಮನ್ನು ತೆಗೆದು ರೇಡಿಯಮ್ಮನ್ನು ಉಳಿಸಿದ್ದರೆ ತಲೆ ಶುದ್ಧ, ಬಾಲ ಕೊಳಕು ಎಂಬಂತಾಗುತ್ತದೆ. ಬೇರಿಯಂ ಇರುವ ಯಾವ ವಸ್ತುವಿನಲ್ಲೂ ಈ ಯಂತ್ರದ ಮಾತನ್ನಷ್ಟೇ ನಂಬುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಳೆದ ಲಾಟು ಮತ್ತು ಬಳಸುವ ಲಾಟು ಒಂದೇ ಆಗಿರಬೇಕು. ಕಳೆದ ವರ್ಷ ಶುದ್ಧವೆಂದು ಬಂದ ಎಪಾಕ್ಸಿಯ ಈ ವರ್ಷದ ಡಬ್ಬಿಗೆ ಆ ಪ್ರಮಾಣಪತ್ರ ಅನ್ವಯಿಸುವುದಿಲ್ಲ. ಬೇಕಾದದ್ದರ ಎರಡರಷ್ಟನ್ನು ಒಂದೇ ಸಲ ಕೊಂಡು, ಅರ್ಧವನ್ನು ಅಳತೆಗೆ ಮತ್ತು ಮುಂದಿನ ದುರಸ್ತಿಗೆ ಎತ್ತಿಡುವುದು ದುಬಾರಿ ಎನಿಸಿದರೂ ಅಗ್ಗದ ದಾರಿ.

ಕೊನೆಯ ಜೋಡಣೆ

ಜೋಡಿಸುವ ಮುನ್ನ ಪ್ರತಿ ಬೋರ್ಡನ್ನೂ ನಿಧಾನವಾಗಿ 77 ಕೆಲ್ವಿನ್‌ಗೆ ತಣಿಸಿ, ಕೋಣೆಯ ಉಷ್ಣತೆಗೆ ತಂದು, ಹೀಗೆ ಕೆಲವು ಸುತ್ತು ನಡೆಸಿ, ರೆಸಿಸ್ಟರ್ ಮತ್ತು ಗದ್ದಲದ ಅಳತೆಗಳನ್ನು ಬೋರ್ಡಿನ ಸಂಖ್ಯೆಯ ಎದುರು ಬರೆದಿಡಬೇಕು. ಬೋರ್ಡನ್ನು ಹೊರತೆಗೆಯುವುದು ಸಂಪೂರ್ಣ ಬೆಚ್ಚಗಾದ ಮೇಲೆಯೇ, ಇಲ್ಲದಿದ್ದರೆ ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂತು ರೇಡಾನ್ ಮಕ್ಕಳನ್ನೂ ಕೂರಿಸಿಕೊಳ್ಳುತ್ತದೆ. ತಂತಿಯ ಬಾಂಡ್ ಎಷ್ಟು ಗಟ್ಟಿ ಎಂದು ಎಳೆದು ನೋಡುವ ಪರೀಕ್ಷೆ ತಂತಿಯನ್ನೇ ಮುರಿಯುವುದರಿಂದ, ಅದೇ ದಿನ ಅದೇ ಯಂತ್ರದಲ್ಲಿ ಮಾಡಿದ ಬಲಿ ಬೋರ್ಡುಗಳ ಮೇಲೆ ಮಾತ್ರ ನಡೆಸಬೇಕು.

ಮಿಲಿಗ್ರಾಂ ತೂಕದ ಬೋರ್ಡಿಗೆ ವಿಶ್ವಕಿರಣದ ಭಯ ಅಷ್ಟಾಗಿ ಬೇಡ, ವಿಮಾನದಲ್ಲಿ ಬಂದರೂ ನಡೆದೀತು. ಅದನ್ನು ಹಿಡಿದಿಡುವ ಕಿಲೋಗ್ರಾಂಗಟ್ಟಲೆ ತಾಮ್ರದ ಮಾತು ಬೇರೆ: ಅದರಲ್ಲಿ ಕೋಬಾಲ್ಟ್-60 ಹುಟ್ಟಿಕೊಳ್ಳುತ್ತದೆ, ಅದರ ಅರ್ಧಾಯು ಐದು ವರ್ಷ ಮೀರಿದೆ. ಈ ಕಾರಣಕ್ಕೇ ಮೇಜೊರಾನಾ ತಂಡ ತಾಮ್ರವನ್ನು ನೆಲದಡಿಯಲ್ಲೇ ವಿದ್ಯುಲ್ಲೇಪನದಿಂದ ಬೆಳೆಸಿಕೊಂಡಿತು. ಒಂದು ಸೆಂಟಿಮೀಟರ್ ದಪ್ಪ ಬೆಳೆಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತಿತ್ತು.

ಕವಚ ಮುಚ್ಚುವ ದಿನ ಪ್ರತಿ ಬೋರ್ಡಿನ ಸಂಖ್ಯೆ, ಅದರ ಸಿಲಿಕಾ, ಎಪಾಕ್ಸಿ, ತಂತಿ ಮತ್ತು ಕೇಬಲ್ಲಿನ ಲಾಟು, ತೊಳೆದ ದಿನಾಂಕ, ಗಾಳಿಗೆ ತೆರೆದಿದ್ದ ಒಟ್ಟು ನಿಮಿಷಗಳು, ಯಾವ ಡಿಟೆಕ್ಟರ್ ಪಕ್ಕದಲ್ಲಿ ಕೂತಿದೆ ಎಂಬ ವಿವರಗಳನ್ನು ಮೊದಲ ದಿನ ತೆರೆದ ಅದೇ ಲೆಕ್ಕದ ಪುಸ್ತಕಕ್ಕೆ ಸೇರಿಸಬೇಕು. ಎತ್ತಿಟ್ಟ ತುಂಡುಗಳ ಚೀಲಗಳನ್ನು ಅದೇ ಸಂಖ್ಯೆಗಳೊಂದಿಗೆ ಸಾರಜನಕದ ಕಪಾಟಿನಲ್ಲಿಡಬೇಕು. ಮೂರು ವರ್ಷದ ನಂತರ ಒಂದು ಡಿಟೆಕ್ಟರ್ ಮಾತ್ರ 2,615ರಲ್ಲಿ ಉಳಿದವುಗಳಿಗಿಂತ ಹೆಚ್ಚು ಎಣಿಕೆ ತೋರಿಸಿದಾಗ, ಕವಚ ಬಿಚ್ಚದೆಯೇ ಅಳೆದು ನೋಡಲು ಕೈಗೆ ಸಿಗುವುದು ಆ ಚೀಲವೊಂದೇ.